ಪಿಯಾನೋದ ಅತಿ ಕಷ್ಟದ ಕೃತಿ ಯಾವುದು? ಎಂಟರ ಘಟ್ಟ: ಮತವೂ ಇಲ್ಲೇ, ಜಗಳವೂ ಇಲ್ಲೇ

ಕಪ್ಪುಬಿಳುಪು (ನಿರ್ವಾಹಕಿ)
ಹದಿನಾರರ ಸುತ್ತು ಮುಗೀತು, ಎಂಟು ಉಳಿದಿವೆ. ರವೆಲ್‌ನ ‘ಸ್ಕಾರ್ಬೋ’ ಎದುರು ಬಾಲಕಿರೆವ್‌ನ ‘ಇಸ್ಲಾಮೇ’. ಬೀಥೋವನ್‌ನ ‘ಹಾಮರ್‌ಕ್ಲಾವಿಯರ್’ ಎದುರು ಆಲ್ಕಾನ್‌ನ ಒಂಟಿ ಪಿಯಾನೋ ಕಾನ್ಸರ್ಟೊ. ಲಿಸ್ಟ್‌ನ ‘ಫ್ಯೂ ಫೋಲೆ’ ಎದುರು ಶೋಪಾನ್‌ನ ಓಪಸ್ 10ರ ಎರಡನೇ ಎಟ್ಯೂಡ್ (ಬೆರಳ ಅಭ್ಯಾಸಕ್ಕೆ ಅಂತ ಬರೆದ ಕೃತಿ). ಸೊರಾಬ್ಜಿಯ ‘ಓಪಸ್ ಕ್ಲಾವಿಚೆಂಬಲಿಸ್ಟಿಕುಮ್’ ಎದುರು ಲಿಗೆಟಿಯ ‘ದೆಸೋರ್ಡ್ರ್’.

ನಿಯಮ ಹಳೇದೇ. ನುಡಿಸುವವರು ಒಬ್ಬರೇ, ಪಕ್ಕದಲ್ಲಿ ಆರ್ಕೆಸ್ಟ್ರಾ ಇರಬಾರದು. ಹಾಗಾಗಿ ರಾಖ್ಮನಿನೋಫ್‌ನ ಮೂರನೇ ಕಾನ್ಸರ್ಟೊ ಇಲ್ಲ, ಪ್ರೊಕೋಫಿಯೆವ್‌ನ ಎರಡನೆಯದೂ ಇಲ್ಲ. ‘ರಾಕ್ 3 ಯಾಕಿಲ್ಲ’ ಅಂತ ಮತ್ತೆ ಕೇಳಿದವರಿಗೆ ಹಾನನ್‌ನ ಬೆರಳ ಕಸರತ್ತಿನ ಅರವತ್ತೂ ಪಾಠ ಬೆಳಗ್ಗೆ ಕಾಫಿಗೆ ಮುಂಚೆ. ಮತದ ಜೊತೆ ಒಂದು ಸಾಲಾದರೂ ಕಾರಣ ಬರೀರಿ. ‘ಸಖತ್ ಫಾಸ್ಟ್ ಗುರು’ ಅನ್ನೋದನ್ನ ಕಾರಣ ಅಂತ ಲೆಕ್ಕಕ್ಕೆ ತಗೊಳ್ಳಲ್ಲ.

ಸುಮ್ನೆ_ಕೇಳೋನು
ಸ್ಕಾರ್ಬೋ. ಸಖತ್ ಫಾಸ್ಟ್, ಗುರು.

(ತಮಾಷೆ ಮೇಡಂ, ಬ್ಯಾನ್ ಮಾಡ್ಬೇಡಿ.)

ಮ್ಯೂನಿಕ್_ಕನ್ನಡಿಗ
ಮೊದಲ ಜೋಡಿಯಲ್ಲಿ ಒಂದು ಮಜಾ ಇದೆ. ರವೆಲ್ 1908ರಲ್ಲಿ ‘ಗಾಸ್ಪಾರ್ ದ ಲಾ ನ್ಯುಯಿ’ (ಸ್ಕಾರ್ಬೋ ಅದರ ಕೊನೇ ಭಾಗ) ಬರೆಯುವಾಗ ‘ಇಸ್ಲಾಮೇ’ಗಿಂತ ಕಷ್ಟದ್ದೊಂದು ಬರೀಬೇಕು ಅಂತಲೇ ಹಠ ಹಿಡಿದಿದ್ದ, ಗೆಳೆಯನ ಹತ್ತಿರ ಹೇಳಿಕೊಂಡೂ ಇದ್ದ. ಬಾಲಕಿರೆವ್‌ನ ಕೃತಿಗೆ ಆಗಲೇ ಸುಮಾರು ನಲವತ್ತು ವರ್ಷ (1869). ಅಂದ್ರೆ ನಮ್ಮ ಪಟ್ಟಿಯಲ್ಲಿ ಈ ಪಂದ್ಯ ಗೆಲ್ಲೋದಕ್ಕೇ ಅಂತ ಹುಟ್ಟಿದ ಕೃತಿ ಸ್ಕಾರ್ಬೋ ಒಂದೇ. ಉಳಿದವು ಬೇರೆ ಕೆಲಸದ ಮೇಲೆ ಹೋಗ್ತಾ ದಾರಿಯಲ್ಲಿ ಕಷ್ಟವಾದವು.

ಶುರುವಿನಲ್ಲೇ ಒಂದೇ ಸ್ವರವನ್ನ ನಡುಗೋ ಹಾಗೆ ಮತ್ತೆ ಮತ್ತೆ ಬಾರಿಸಬೇಕು, ಅದೂ ಪಿಸುಮಾತಿನಷ್ಟು ಮೆಲ್ಲಗೆ. ಮುಂದೆ ಒಂದು ಕಡೆ ಹೆಬ್ಬೆರಳೊಂದೇ ಅಕ್ಕಪಕ್ಕದ ಎರಡು ಕೀಗಳನ್ನ ಒಟ್ಟಿಗೆ ಒತ್ತುತ್ತಾ ಓಡಬೇಕು. ಮೊದಲ ಪುಟಗಳನ್ನ ನುಡಿಸಿ ಕೈಬಿಟ್ಟವನ ಮತ ಇದು. ಸ್ಕಾರ್ಬೋ.

ಗ್ರೇಡ್8_ಸಂಕಟ
ಅಣ್ಣ, ಮೊದಲ ಪುಟ ಬಂದಿದ್ದೇ ದೊಡ್ಡದು. ನಂದು ಅಪ್‌ರೈಟ್ ಪಿಯಾನೋ. ಆ ಸ್ವರ ನಾಲ್ಕನೇ ಸಲಕ್ಕೆ ಬರೋದೇ ಇಲ್ಲ, ಕೀ ಒಳಗೆ ಹೋಗುತ್ತೆ, ಶಬ್ದ ಮಾತ್ರ ಇಲ್ಲ. ನನ್ನ ಬೆರಳಿನ ತಪ್ಪಾ?

ಟ್ಯೂನಿಂಗ್_ಮಾಮ
ನಿಂದಲ್ಲ ಮಗಳೇ, ಪಿಯಾನೋದ್ದು. ಕಷ್ಟ ಕಷ್ಟ ಅಂತ ಚರ್ಚೆ ಮಾಡೋರು ಮುಚ್ಚಳ ತೆಗೆದು ಒಳಗೂ ಒಂದ್ಸಲ ನೋಡಬೇಕು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಗ್ರ್ಯಾಂಡ್ ಪಿಯಾನೋದಲ್ಲಿ ಸುತ್ತಿಗೆ ಕೆಳಗಿಂದ ಮೇಲಕ್ಕೆ ಹೊಡೆದು ತನ್ನ ಭಾರಕ್ಕೇ ವಾಪಸ್ ಬೀಳುತ್ತೆ. ಪ್ಯಾರಿಸ್‌ನ ಸೆಬಾಸ್ಟಿಯನ್ ಎರಾರ್ ರೂಪಿಸಿದ ಒಂದು ಯಂತ್ರಕ್ಕೆ 1821ರಲ್ಲಿ ಪೇಟೆಂಟ್ ಸಿಕ್ಕಿತು. ಕೀ ಪೂರ್ತಿ ಮೇಲೆ ಬರೋ ಮುಂಚೆ, ಅರ್ಧ ದಾರಿಯಲ್ಲಿ ಇರುವಾಗಲೇ ಸುತ್ತಿಗೆಯನ್ನ ಮತ್ತೆ ಹೊಡೆತಕ್ಕೆ ಸಿದ್ಧ ಮಾಡೋ ವ್ಯವಸ್ಥೆ ಅದು. ಇವತ್ತಿನ ಎಲ್ಲ ಗ್ರ್ಯಾಂಡ್‌ಗಳಲ್ಲೂ ಅದರ ವಂಶದ್ದೇ ಇರೋದು. ಅಪ್‌ರೈಟ್‌ನಲ್ಲಿ ಸುತ್ತಿಗೆ ನೆಟ್ಟಗೆ ನಿಂತಿರುತ್ತೆ, ಮುಂದಕ್ಕೆ ಹೊಡೆದು ಸ್ಪ್ರಿಂಗ್ ಸಹಾಯದಿಂದ ಹಿಂದೆ ಬರುತ್ತೆ. ಕೀ ಬಹುತೇಕ ಪೂರ್ತಿ ಮೇಲೆ ಬರೋ ತನಕ ಮುಂದಿನ ಏಟು ಇಲ್ಲ. ಎರಾರ್ ಇಲ್ಲದಿದ್ರೆ ಸ್ಕಾರ್ಬೋನೂ ಇಲ್ಲ. ಬೆಂಗಳೂರಲ್ಲಿ ಪಿಯಾನೋ ಕಲಿಯೋ ಮಕ್ಕಳಲ್ಲಿ ಹೆಚ್ಚಿನವರ ಮನೇಲಿ ಇರೋದು ಅಪ್‌ರೈಟು, ಇಲ್ಲಾ ಡಿಜಿಟಲ್ಲು. ಅಪ್‌ರೈಟ್‌ನವರ ಪಾಲಿಗೆ ಸ್ಕಾರ್ಬೋ ಬರೀ ಕಷ್ಟವಲ್ಲ, ಯಂತ್ರದ ಮಟ್ಟದಲ್ಲೇ ಹೆಚ್ಚುಕಮ್ಮಿ ಅಸಾಧ್ಯ.

ಇದರ ತಿರುಗುಮುರುಗೂ ನಿಜ. ಬೀಥೋವನ್ ಕಾಲದ ವಿಯೆನ್ನಾ ಪಿಯಾನೋಗಳ ಕೀ ಹಗುರ, ಒತ್ತಿದರೆ ಒಳಗೆ ಇಳಿಯೋ ಆಳವೂ ಕಡಿಮೆ. ಹಾಮರ್‌ಕ್ಲಾವಿಯರ್‌ನ ವೇಗ ನೋಡಿ ಎದೆ ಒಡ್ಕೊಳ್ಳೋರು ಅದು ಯಾವ ವಾದ್ಯಗಳ ಕಾಲದ್ದು ಅಂತಲೂ ಕೇಳಬೇಕು.

ಕುಡ್ಲ_ಆರ್ಗನ್
ಮಾಮ ಹೇಳಿದ್ದು ಸರಿ ಉಂಟು. ನಮ್ಮಲ್ಲಿ ಜೂನ್ ಬಂತೆಂದರೆ ಕೀಯ ಒಳಗಿನ ಫೆಲ್ಟ್ ತೇವ ಕುಡಿದು ಉಬ್ಬುತ್ತದೆ, ಒತ್ತಿದ ಕೀ ಮೇಲೆಯೇ ಬರುವುದಿಲ್ಲ ಮಾರಾಯ್ರೆ. ಮಳೆಗಾಲದ ಮಂಗಳೂರಿನಲ್ಲಿ ‘ಟ್ವಿಂಕಲ್ ಟ್ವಿಂಕಲ್’ ಕೂಡ ಸ್ಕಾರ್ಬೋವೇ.

ಆದರೆ ನನ್ನ ತಕರಾರು ಬೇರೆ. ಕಳೆದ ಸುತ್ತಿನಲ್ಲಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸನ್ನು ಸೊರಾಬ್ಜಿಯ ಎದುರು ಹಾಕಿ ಸೋಲಿಸಿದಿರಲ್ಲ, ಅದು ನ್ಯಾಯವಾ? 1741ರಲ್ಲಿ ಅಚ್ಚಾದ ಆ ಕೃತಿ ಎರಡು ಅಂತಸ್ತಿನ ಕೀಬೋರ್ಡ್ ಇರುವ ಹಾರ್ಪ್ಸಿಕಾರ್ಡಿಗೆ ಬರೆದದ್ದು. ಎರಡು ಕೈ ಬೇರೆ ಬೇರೆ ಅಂತಸ್ತಿನಲ್ಲಿ ಒಂದರ ಮೇಲೊಂದು ಹಾದುಹೋಗುತ್ತವೆ, ತೊಂದರೆಯೇ ಇಲ್ಲ. ಅದನ್ನೇ ಪಿಯಾನೋಗೆ ತಂದರೆ ಎರಡು ಕೈಗೂ ಅದೇ ಕೀ ಅದೇ ಗಳಿಗೆಯಲ್ಲಿ ಬೇಕು. ಒಂದು ಕೈ ಒತ್ತಿ ಬಿಡುವಷ್ಟರಲ್ಲಿ ಇನ್ನೊಂದು ಅದರ ಅಡಿಗೆ ನುಗ್ಗಬೇಕು. ಅದರಲ್ಲಿ ಗದ್ದಲ ಇಲ್ಲ, ಬೆವರು ಕಾಣುವುದಿಲ್ಲ, ಹಾಗಾಗಿ ಮತ ಬೀಳುವುದಿಲ್ಲ.

ಕಪ್ಪುಬಿಳುಪು (ನಿರ್ವಾಹಕಿ)
ಚೀಟಿ ಎತ್ತಿ ಜೋಡಿ ಮಾಡಿದ್ದು, ನನ್ನ ಕೈವಾಡ ಏನೂ ಇಲ್ಲ. ಗೋಲ್ಡ್‌ಬರ್ಗ್‌ಗೆ ನಾನೂ ಮತ ಹಾಕಿದ್ದೆ.

ಒಡೆಯರ್_ಕಾಲದ_ರೆಕಾರ್ಡು
ತಕರಾರುಗಳ ಸಾಲಿಗೆ ಮೈಸೂರಿಂದ ನಂದೂ ಒಂದು. ನಿಕೊಲಾಯ್ ಮೆಟ್ನರ್‌ನ ‘ನೈಟ್ ವಿಂಡ್’ ಸೊನಾಟಾವನ್ನ ಮೊದಲ ಸುತ್ತಲ್ಲೇ ಹೊರಗೆ ಹಾಕಿದ್ದು ಕನ್ನಡಿಗರು ಮಾಡೋ ಕೆಲಸವಲ್ಲ. ಭಾವನೆಗೆ ಹೇಳ್ತಿಲ್ಲ, ಚರಿತ್ರೆ ಇದೆ. ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದೆ ಇದ್ದ ಮೆಟ್ನರ್‌ನ ಸಂಗೀತವನ್ನ ರೆಕಾರ್ಡ್ ಮಾಡಿಸೋಕೆ 1940ರ ದಶಕದ ಕೊನೇಲಿ ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿದ್ದು ನಮ್ಮ ಜಯಚಾಮರಾಜ ಒಡೆಯರು. ವಯಸ್ಸಾಗಿ ಆರೋಗ್ಯ ಕೆಟ್ಟಿದ್ದ ಮೆಟ್ನರ್ ತನ್ನ ಮೂರೂ ಕಾನ್ಸರ್ಟೊಗಳನ್ನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ತಾನೇ ನುಡಿಸಿದ. ಮೂರನೇದನ್ನ ಮಹಾರಾಜರಿಗೇ ಅರ್ಪಿಸಿದ. ಒಡೆಯರು ಪಿಯಾನೋ ಕಲಿತವರು. ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿ ರಚಿಸಿದ ವಾಗ್ಗೇಯಕಾರರೂ ಅವರೇ.

‘ನೈಟ್ ವಿಂಡ್’ 1911ರದ್ದು, ರಾಖ್ಮನಿನೋಫ್‌ಗೆ ಅರ್ಪಿತ. ಅರ್ಧ ಗಂಟೆಗೂ ಮೀರಿ ಬಿಡುವಿಲ್ಲದೆ ಹರಿಯುತ್ತೆ. ಶುರುವಾಗೋದೇ ಹದಿನೈದರ ಲೆಕ್ಕದಲ್ಲಿ. ನಾಲ್ಕಾರು ದನಿಗಳು ಒಂದರೊಳಗೊಂದು ಹೆಣೆದಿರುತ್ತವೆ, ಯಾವುದು ಮುಖ್ಯ ಅಂತ ಕೇಳುವವರಿಗೆ ತೋರಿಸೋ ಹೊಣೆ ಪೂರ್ತಿ ನುಡಿಸುವವರದ್ದು. ಚಪ್ಪಾಳೆ ಬೀಳೋ ಜಾಗ ಒಂದೂ ಇಲ್ಲ. ಕಷ್ಟ ಅಂದ್ರೆ ಇದು ಸ್ವಾಮಿ.

ಧಾರವಾಡದ_ದನಿ
ಮೈಸೂರಿನವರು ಅರಮನೀ ತಂದ್ರು ಅಂದಮ್ಯಾಲ ಧಾರವಾಡದವ್ರು ಸುಮ್ನ ಕೂಡೂದು ಹೆಂಗ?

ನಾ ಪಿಯಾನೋ ನುಡಿಸಾಂವ ಅಲ್ಲ, ಕೇಳಾಂವ. ಹೋದ ಸುತ್ತಿನ್ಯಾಗ ಒಬ್ರು ‘ನುಡಿಸಿದವ್ರು ಅಷ್ಟ ಮತ ಹಾಕ್ರಿ’ ಅಂದಿದ್ರು. ಹಂಗಾದ್ರ ಸೊರಾಬ್ಜಿಗೆ ಮತ ಹಾಕಾಕ ಈ ಭೂಮಿ ಮ್ಯಾಲ ಬೆರಳೆಣಿಕೆ ಮಂದಿ ಸಿಗ್ತಾರ ನೋಡ್ರಿ.

ನನ್ನ ಮತ ಹಾಮರ್‌ಕ್ಲಾವಿಯರ್‌ಗೆ. ಎಲ್ಲಾರೂ ಅದರ ಕಡೀ ಫ್ಯೂಗ್ (ಒಂದ ವಿಷಯ ದನಿಯಿಂದ ದನಿಗೆ ಬೆನ್ನಟ್ಟೂ ರಚನಾ) ಬಗ್ಗೆ ಮಾತಾಡ್ತಾರ, ನಾ ಮಾತಾಡೂದು ಮೂರನೇ ಭಾಗದ್ದು. ಹದಿನೈದು ನಿಮಿಷದಿಂದ ಇಪ್ಪತ್ತು ನಿಮಿಷದ ತನಕ ಹಿಡೀತೈತಿ, ಅಷ್ಟು ನಿಧಾನ. ಪಿಯಾನೋದ ಸ್ವರ ಹುಟ್ಟಿದ ಗಳಿಗಿಯಿಂದನ ಸಾಯಾಕ ಹತ್ತತೈತಿ. ಗಾಯಕರಂಗ ಉಸಿರು ಹಿಡದು ಬೆಳಸಾಕ ಬರಂಗಿಲ್ಲ, ಮೀಂಡ್ ಇಲ್ಲ, ಗಮಕ ಇಲ್ಲ. ಸಾಯೂ ಸ್ವರಗಳನ್ನ ಒಂದಕ್ಕೊಂದು ಜೋಡಿಸಿ ಉದ್ದನ್ನ ಆಲಾಪ ಐತಿ ಅಂತ ನಂಬಿಸಬೇಕು. ಕಿರಾನಾ ಘರಾಣೆಯ ಗಾಯಕರು ವಿಲಂಬಿತದಾಗ ಒಂದು ಸ್ವರದ ಮ್ಯಾಲ ಕುಂತದ್ದು ಕೇಳಿದ ಕಿವಿಗೆ ಇದು ಎಂಥಾ ಕೆಲಸ ಅಂತ ತಿಳೀತೈತಿ. ದ್ರುತದಾಗ ತಪ್ಪು ಮುಚ್ಚಾಕ ಬರ್ತೈತಿ, ಇಲ್ಲಿ ಎಲ್ಲಿ ಮುಚ್ಚತೀರಿ?

ಮ್ಯೂನಿಕ್_ಕನ್ನಡಿಗ
ಚೆನ್ನಾಗಿ ಹೇಳಿದ್ರಿ. ಆದ್ರೆ ಅದನ್ನ ಕಷ್ಟ ಅಂತ ಕರೆದರೆ ಮೊಜಾರ್ಟ್‌ನ ಸಿ ಮೇಜರ್ ಸೊನಾಟಾವೂ ಫೈನಲ್‌ಗೆ ಬರಬೇಕಾಗುತ್ತೆ. ಮಕ್ಕಳಿಗೆ ಸುಲಭ, ಕಲಾವಿದರಿಗೆ ಕಷ್ಟ ಅನ್ನೋ ಪಿಯಾನಿಸ್ಟ್ ಶ್ನಾಬೆಲ್ ಮಾತು ಎಲ್ಲರಿಗೂ ಗೊತ್ತು. ಈ ಪಂದ್ಯದಲ್ಲಿ ಅಳೀಬೇಕಾದ್ದು ಸ್ವರಗಳನ್ನ ಸರಿಯಾಗಿ ಹೊಡೆಯೋ ಕಷ್ಟ. ಅದನ್ನ ಬಿಟ್ಟರೆ ಅಳತೆಗೋಲೇ ಉಳಿಯಲ್ಲ.

ಧಾರವಾಡದ_ದನಿ
ತಮ್ಮಾ, ಸ್ವರ ಹೊಡೆಯೂದಷ್ಟ ಅಳತಿ ಆದ್ರ ಕಂಪ್ಯೂಟರಿಗೆ ಕಪ್ ಕೊಟ್ಟು ಮನೀಗೆ ಹೋಗೂಣು.

ಟ್ಯೂನಿಂಗ್_ಮಾಮ
ಮೂರನೇ ಭಾಗ ಬಿಟ್ಟು ಬರೀ ಬೆರಳಿನ ಲೆಕ್ಕ ಹಿಡಿದರೂ ಹಾಮರ್‌ಕ್ಲಾವಿಯರ್ ಹಿಂದೆ ಬೀಳಲ್ಲ. ಮೊದಲ ಭಾಗಕ್ಕೆ ಬೀಥೋವನ್ ಕೊಟ್ಟ ವೇಗ ನಿಮಿಷಕ್ಕೆ 138 ಹಾಫ್ ನೋಟ್ (ಎರಡು ಎಣಿಕೆಯ ಸ್ವರ). ಮೆಟ್ರೋನೋಮ್ ಬಂದು ಕೆಲವೇ ವರ್ಷ ಆಗಿತ್ತು, ಕೃತಿ ಮುಗಿದಿದ್ದು 1818. ಆ ವೇಗ ಹಿಡಿಯೋಕೆ ಹೊರಟವರಲ್ಲಿ ಶ್ನಾಬೆಲ್ ಹೆಸರು ಮೊದಲು ಬರುತ್ತೆ. 1935ರ ಆ ರೆಕಾರ್ಡಿಂಗ್‌ನಲ್ಲಿ ಜಾರಿದ ಸ್ವರಗಳು ಬೇಕಾದಷ್ಟಿವೆ, ಆದರೂ ಜನ ಇವತ್ತಿಗೂ ಕೇಳ್ತಾರೆ. ಕೊನೇ ಫ್ಯೂಗ್‌ನಲ್ಲಿ ವಿಷಯವನ್ನ ತಲೆಕೆಳಗು ಮಾಡ್ತಾನೆ, ಹಿಗ್ಗಿಸ್ತಾನೆ, ಕೊನೆಯಿಂದ ಮೊದಲಿಗೂ ನುಡಿಸ್ತಾನೆ. ಆ ವಿಷಯದಲ್ಲೇ ಒಂದು ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳ ನಡುಕ) ಇದೆ, ಹಾಗಾಗಿ ಅದು ಪ್ರತಿ ಸಲ ಬಂದಾಗಲೂ ಟ್ರಿಲ್ ಬರುತ್ತೆ, ದುರ್ಬಲ ಬೆರಳುಗಳ ಸರದಿ ಬಂದಾಗಲೂ.

ಕೊನ್ನಕೋಲ್_ಕಿಟ್ಟಿ
ಲಿಗೆಟಿಗೆ ಯಾರೂ ಮಾತಾಡ್ತಿಲ್ಲ, ನಾನು ಮಾತಾಡ್ತೀನಿ. ಮೃದಂಗದವನು ಪಿಯಾನೋ ವಿಷಯಕ್ಕೆ ತಲೆ ಹಾಕಿದ್ದಕ್ಕೆ ಕ್ಷಮೆ ಇರಲಿ.

‘ದೆಸೋರ್ಡ್ರ್’ 1985ರದ್ದು, ಅವನ ಎಟ್ಯೂಡ್‌ಗಳಲ್ಲಿ ಮೊದಲನೇದು. ಬಲಗೈಗೆ ಬರೀ ಬಿಳಿ ಕೀ, ಎಡಗೈಗೆ ಬರೀ ಕಪ್ಪು. ಎಂಟು ಅಕ್ಷರದ ಆವರ್ತನ, ಒಳಗೆ ಮೂರು-ಐದು, ಐದು-ಮೂರು ಅಂತ ಒಡೆಯುತ್ತೆ. ಇಲ್ಲಿ ತನಕ ನಮಗೆ ನೀರು ಕುಡಿದಷ್ಟು ಸುಲಭ. ಕಿತಾಪತಿ ಮುಂದೆ: ನಾಲ್ಕನೇ ಆವರ್ತನಕ್ಕೆ ಬಂದಾಗ ಬಲಗೈ ಒಂದು ಅಕ್ಷರ ನುಂಗಿ ಏಳಕ್ಕೇ ಮುಗಿಸುತ್ತೆ. ಎಡಗೈ ಎಂಟರಲ್ಲೇ ಇದೆ. ಅಲ್ಲಿಂದ ಎರಡೂ ಕೈಗಳ ಒತ್ತು ಒಂದೊಂದೇ ಅಕ್ಷರ ದೂರ ಸರೀತಾ ಹೋಗುತ್ತೆ.

ಬಾಯಲ್ಲಿ ಕೊನ್ನಕೋಲ್ ಹೇಳ್ತಾ ಕೈಯಲ್ಲಿ ತಾಳ ಹಾಕೋದು ನಮಗೆ ಅಭ್ಯಾಸ. ಆದರೆ ಅಲ್ಲಿ ತಾಳ ಅಲುಗಾಡಲ್ಲ, ಎಷ್ಟೇ ತಿಣುಕಾಡಿದರೂ ಕೊನೆಗೆ ಸಮಕ್ಕೆ ಬಂದು ಬೀಳ್ತೀವಿ. ಇಲ್ಲಿ ಹಿಡಕೊಳ್ಳೋಕೆ ತಾಳವೇ ಇಲ್ಲ, ಎರಡು ಕೈಗೂ ಬೇರೆ ಬೇರೆ ಸಮ. ಮಧ್ಯ ಆಫ್ರಿಕಾದ ಸಂಗೀತವನ್ನೂ ನ್ಯಾನ್‌ಕ್ಯಾರೋ ಕಾಗದದ ಸುರುಳಿಗೆ ತೂತು ಕೊರೆದು ಯಂತ್ರದ ಪಿಯಾನೋಗೆ ಮಾಡಿದ ಕೃತಿಗಳನ್ನೂ ಕೇಳಿ ತಲೆ ಕೆಟ್ಟ ಮೇಲೆ ಲಿಗೆಟಿ ಇವನ್ನ ಬರೆದ. ಯಂತ್ರಕ್ಕೆ ಬಿಟ್ಟಿದ್ದನ್ನ ಮನುಷ್ಯನ ಎರಡು ಕೈಗೆ ವಾಪಸ್ ತಂದ. ನನ್ನ ಮತ ಇದಕ್ಕೆ.

ಸುಮ್ನೆ_ಕೇಳೋನು
ಕಿಟ್ಟಿ ಸಾರ್, ನೀವು ಬರೆದಿದ್ದು ಓದಿ ಕೇಳ್ದೆ. ಈ ಸಲ ಅರ್ಥ ಆಯ್ತು, ಅರ್ಧ. ಮತ ಬದಲಾಯಿಸಬಹುದಾ ಮೇಡಂ?

ಕಪ್ಪುಬಿಳುಪು (ನಿರ್ವಾಹಕಿ)
ಆ ಜೋಡಿಯಲ್ಲಿ ನೀವಿನ್ನೂ ಮತವನ್ನೇ ಹಾಕಿಲ್ಲ. ಹಾಕಿ.

ಸೊರಾಬ್ಜಿ ಪಕ್ಷದವರು ಎಲ್ಲಿ? ಕಳೆದ ಸಲ ಬಂದು ಮತ ಗುದ್ದಿ ಹೋದವರು ಒಂದು ಸಾಲೂ ಬರೆದಿರಲಿಲ್ಲ.

ನಾಲ್ಕು_ಗಂಟೆ_ಜೋಪಾನ
ಇಲ್ಲಿದ್ದೀನಿ. ಕೈಖುಸ್ರು ಶಾಪುರ್ಜಿ ಸೊರಾಬ್ಜಿ ಹುಟ್ಟಿದ್ದು 1892ರಲ್ಲಿ ಇಂಗ್ಲೆಂಡಿನಲ್ಲಿ, ತಂದೆ ಬೊಂಬಾಯಿಯ ಪಾರ್ಸಿ ಎಂಜಿನಿಯರು. ಕೃತಿ 1930ರದ್ದು, 252 ಪುಟ, ಹನ್ನೆರಡು ಭಾಗ, ಸುಮಾರು ನಾಲ್ಕು ಗಂಟೆ. ಆ ವರ್ಷದ ಡಿಸೆಂಬರ್ 1ರಂದು ಗ್ಲಾಸ್ಗೋದಲ್ಲಿ ತಾನೇ ನುಡಿಸಿದ. 1936ರಲ್ಲಿ ಇನ್ನೊಬ್ಬರು ಲಂಡನ್ನಿನಲ್ಲಿ ಅದರ ಮೊದಲ ಕೆಲವು ಭಾಗ ನುಡಿಸಿದ ರೀತಿ ಸರಿಬರದೆ, ಆಮೇಲೆ ದಶಕಗಟ್ಟಲೆ ತನ್ನ ಕೃತಿಗಳನ್ನ ಯಾರೂ ಸಭೆಯಲ್ಲಿ ನುಡಿಸದ ಹಾಗೆ ನೋಡಿಕೊಂಡ. ಪಟ್ಟು ಸಡಿಲಿಸಿದ್ದು 1976ರಲ್ಲಿ. ನಾಲ್ಕು ಫ್ಯೂಗ್‌ಗಳಿವೆ, ಒಂದಕ್ಕಿಂತ ಒಂದು ದೊಡ್ಡದು. ನೊಟೇಶನ್ ಎರಡು ಸಾಲಿಗೆ ಹಿಡಿಸದೆ ಮೂರು ನಾಲ್ಕು ಸಾಲಿಗೆ ಹರಡುತ್ತೆ. ಇನ್ನೇನು ಬೇಕು?

ಕುಡ್ಲ_ಆರ್ಗನ್
ಒಂದೇ ಪ್ರಶ್ನೆ. ಇದಕ್ಕೆ ಮತ ಹಾಕಿದವರಲ್ಲಿ ನಾಲ್ಕು ಗಂಟೆ ಪೂರ್ತಿ ಕೂತು ಕೇಳಿದವರು ಯಾರ್ಯಾರು ಉಂಟು?

ನಾಲ್ಕು_ಗಂಟೆ_ಜೋಪಾನ
ಅದು ವೈಯಕ್ತಿಕ ಪ್ರಶ್ನೆ.

ಕುಡ್ಲ_ಆರ್ಗನ್
ಉತ್ತರ ಸಿಕ್ಕಿತು.

ಗ್ರೇಡ್8_ಸಂಕಟ
ನಂಗೊಂದು ಅನುಮಾನ. ಎಲ್ಲರೂ ‘ಈ ಕೃತಿ ಕಷ್ಟ’ ಅಂತೀರ, ಯಾರ ಕೈಗೆ ಅಂತ ಯಾರೂ ಹೇಳಲ್ಲ. ಪಿಯಾನೋದ ಒಂದು ಸಪ್ತಕ ಸುಮಾರು ಹದಿನಾರೂವರೆ ಸೆಂಟಿಮೀಟರ್. ಪೂರ್ತಿ ಚಾಚಿದರೆ ನನ್ನ ಕೈ ಎಂಟು ಸ್ವರ ಮುಟ್ಟುತ್ತೆ, ಒಂಬತ್ತನೇದು ಅಂಚಲ್ಲಿ ಸಿಗುತ್ತೆ ಅಷ್ಟೆ. ಆಲ್ಕಾನ್‌ನ ಕಾನ್ಸರ್ಟೊದಲ್ಲಿ ಮೊದಲ ಭಾಗವೇ ಅರ್ಧ ಗಂಟೆ, ಆರ್ಕೆಸ್ಟ್ರಾ ಪಾತ್ರ, ಸೋಲೋ ಪಾತ್ರ ಎರಡನ್ನೂ ಒಬ್ಬರೇ ಮಾಡಬೇಕು. ದೊಡ್ಡ ಕೈಯವರು ಅಲ್ಲಿ ಅರ್ಧಕ್ಕೆ ಸುಸ್ತಾಗ್ತಾರೆ, ನಾನು ಮೊದಲ ಪುಟಕ್ಕೇ ಮುಗಿದೆ. ರಾಖ್ಮನಿನೋಫ್ ಕೈ ಹನ್ನೆರಡು ಸ್ವರ ಮುಟ್ಟುತ್ತಿತ್ತಂತೆ. ಅವನ ಮೂರನೇ ಕಾನ್ಸರ್ಟೊ ಅರ್ಪಿತವಾಗಿದ್ದು ಯೋಸೆಫ್ ಹಾಫ್‌ಮನ್‌ಗೆ. ಕೈ ಚಿಕ್ಕದು ಅಂತ ಕೀ ಸ್ವಲ್ಪ ಕಿರಿದು ಮಾಡಿದ ಸ್ಟೈನ್‌ವೇ ಇಟ್ಟುಕೊಂಡಿದ್ದ ಮನುಷ್ಯ ಅವನು, ಆ ಕಾನ್ಸರ್ಟೊವನ್ನ ನುಡಿಸಲೇ ಇಲ್ಲ.

(ರಾಕ್ 3 ಯಾಕಿಲ್ಲ ಅಂತ ಕೇಳ್ತಿಲ್ಲ ಆಂಟಿ! ಉದಾಹರಣೆಗೆ ಹೇಳಿದ್ದು. ಹಾನನ್ ಬೇಡ.)

ಕಪ್ಪುಬಿಳುಪು (ನಿರ್ವಾಹಕಿ)
ಸರಿಯಾದ ಮಾತು. ಕ್ಲಾಸಿನಲ್ಲಿ ದಿನವೂ ನೋಡ್ತೀನಿ. ಒಂದೇ ಪುಟ ಒಬ್ಬ ಹುಡುಗನಿಗೆ ಆಟ, ಪಕ್ಕದ ಹುಡುಗಿಗೆ ಕೈನೋವು. ಸಪ್ತಕವನ್ನ ಹದಿನಾಲ್ಕು ಸೆಂಟಿಮೀಟರಿಗೆ ಇಳಿಸಿದ ಕೀಬೋರ್ಡುಗಳನ್ನೂ ಈಗ ಮಾಡ್ತಾರೆ, ನಮ್ಮ ಕಡೆ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಹಾಗಂತ ಕೈ ಚಿಕ್ಕದಾದರೆ ಬಾಗಿಲು ಮುಚ್ಚಿತು ಅಂತಲ್ಲ ಪುಟ್ಟಿ. ಸ್ಪೇನಿನ ಅಲೀಸಿಯಾ ದ ಲಾರೋಚಾ ಐದಡಿಯೂ ಇರಲಿಲ್ಲ, ಅದೇ ರಾಕ್ 3 ರೆಕಾರ್ಡ್ ಮಾಡಿದ್ದಾರೆ. ಬೆರಳಿನ ನಡುವಿನ ಚಾಚನ್ನ ವರ್ಷಗಟ್ಟಲೆ ಬೆಳೆಸಿಕೊಂಡಿದ್ದರು.

ನೋವಿನ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. ಈ ಥರ ಪಟ್ಟಿ ನೋಡಿ ಹುಮ್ಮಸ್ಸು ಬಂದು ‘ಇಸ್ಲಾಮೇ’ ಹಿಡಿಯೋ ಮಕ್ಕಳಿಗೆ ನಾನು ಸ್ಕ್ರಿಯಾಬಿನ್ ಕಥೆ ಹೇಳ್ತೀನಿ. ವಿದ್ಯಾರ್ಥಿಯಾಗಿದ್ದಾಗ ‘ಇಸ್ಲಾಮೇ’ಯನ್ನೂ ಲಿಸ್ಟ್‌ನ ‘ಡಾನ್ ಹುವಾನ್’ ಫ್ಯಾಂಟಸಿಯನ್ನೂ ಹಠಕ್ಕೆ ಬಿದ್ದು ಸಾಧನೆ ಮಾಡಿ ಬಲಗೈ ಕೆಡಿಸಿಕೊಂಡ. ಎಡಗೈ ಒಂದಕ್ಕೇ ಅವನು ಬರೆದ ಓಪಸ್ 9 ಆ ನೋವಿನ ಕಾಲದ್ದು. ಅಷ್ಟು ಅದೃಷ್ಟ ಎಲ್ಲರಿಗೂ ಇರಲ್ಲ.

ಮ್ಯೂನಿಕ್_ಕನ್ನಡಿಗ
ಲಿಸ್ಟ್-ಶೋಪಾನ್ ಜೋಡಿಗೆ ಯಾರೂ ಬಾಯಿ ಬಿಡ್ತಿಲ್ಲ. ‘ಫ್ಯೂ ಫೋಲೆ’ ಗೆಲ್ಲಬೇಕು ಅಂತ ನಾನು. ಬಲಗೈಯಲ್ಲಿ ಜೋಡಿಸ್ವರಗಳ ಸುಳಿ, ಎಡಗೈಯಲ್ಲಿ ನೆಗೆತ, ಎಲ್ಲಾ ಸಣ್ಣ ದನಿಯಲ್ಲಿ. ಜೋರಾಗಿ ಹೊಡೆದು ಪಾರಾಗೋಕೆ ಆಗಲ್ಲ. ಪಿಯಾನಿಸ್ಟ್ ರಿಕ್ಟರ್ 1958ರಲ್ಲಿ ಸೋಫಿಯಾದಲ್ಲಿ ನುಡಿಸಿದ್ದು ಕೇಳಿ, ಸಭಿಕರು ಕೆಮ್ಮುತ್ತಲೇ ಇದ್ದಾರೆ, ಅವನ ಬೆರಳು ಕದಲಿಲ್ಲ.

ಕಪ್ಪುಬಿಳುಪು (ನಿರ್ವಾಹಕಿ)
ನಾನು ಶೋಪಾನ್ ಕಡೆ. ಓಪಸ್ 10ರ ಎರಡನೇದು ಒಂದೂವರೆ ನಿಮಿಷದ ಆಸುಪಾಸಿನದ್ದು. ನಡು, ಉಂಗುರ, ಕಿರು ಬೆರಳು ಮೂರೇ ಸೇರಿ ಅರ್ಧರ್ಧ ಸ್ವರದ ಏಣಿ ಹತ್ತಿ ಇಳೀತಾ ಇರಬೇಕು. ಅದೇ ಕೈಯ ಹೆಬ್ಬೆರಳು, ತೋರುಬೆರಳು ಕೆಳಗೆ ಪುಟ್ಟ ಕಾರ್ಡ್‌ಗಳನ್ನ (ಒಟ್ಟಿಗೆ ಒತ್ತೋ ಸ್ವರಗುಚ್ಛ) ಮೀಟಬೇಕು. ಕೇಳೋರಿಗೆ ಏನೋ ಇರುವೆ ಸಾಲು ಹೋದ ಹಾಗಿರುತ್ತೆ. ದೊಡ್ಡ ದೊಡ್ಡ ಪಿಯಾನಿಸ್ಟುಗಳೂ ಸಭೆಯಲ್ಲಿ ನುಡಿಸೋಕೆ ಹೆದರೋ ಕೃತಿ ಇದು.

ಕಪ್ಪುಬಿಳುಪು (ನಿರ್ವಾಹಕಿ)
ಎಂಟರ ಘಟ್ಟದ ಫಲಿತಾಂಶ. ಸ್ಕಾರ್ಬೋ ಸಲೀಸಾಗಿ ಗೆದ್ದಿತು. ಹಾಮರ್‌ಕ್ಲಾವಿಯರ್ ಕೂಡ ಗೆದ್ದಿತು, ಧಾರವಾಡದವರ ಮಾತಿಗೆ ತಿರುಗಿದ ಮತ ಕಮ್ಮಿಯೇನಲ್ಲ. ಶೋಪಾನ್ ಕೂದಲೆಳೆಯಲ್ಲಿ ಪಾರು. ಲಿಗೆಟಿ ಸೊರಾಬ್ಜಿಯನ್ನ ಸೋಲಿಸಿದ. ಕಿಟ್ಟಿಯವರಿಗೆ ಮೃದಂಗ ಸಮೇತ ಅಭಿನಂದನೆ.

ನಾಲ್ಕು_ಗಂಟೆ_ಜೋಪಾನ
ಎರಡೂವರೆ ನಿಮಿಷದ ಕೃತಿ ನಾಲ್ಕು ಗಂಟೆಯದ್ದನ್ನ ಸೋಲಿಸೋದು ಅಂದ್ರೆ! ದೂರು ದಾಖಲಿಸ್ತಿದ್ದೀನಿ.

ಧಾರವಾಡದ_ದನಿ
ದೂರು ಎಷ್ಟು ಪುಟದ್ದಪಾ, 252?

ಕಪ್ಪುಬಿಳುಪು (ನಿರ್ವಾಹಕಿ)
ಸೆಮಿಫೈನಲ್ ಉದ್ದ ಎಳೆಯಲ್ಲ. ಸ್ಕಾರ್ಬೋ ಶೋಪಾನನ್ನೂ, ಹಾಮರ್‌ಕ್ಲಾವಿಯರ್ ಲಿಗೆಟಿಯನ್ನೂ ಸೋಲಿಸಿದವು. ಫೈನಲ್‌ಗೆ ಮತ ಹಾಕುವ ಮುಂಚೆ ಒಂದು ಮಾತು. ಇಲ್ಲಿ ತನಕ ಬಂದ ಕಾರಣಗಳನ್ನ ಓದಿದರೆ, ನುಡಿಸೋರು ಮತ ಹಾಕ್ತಿರೋದು ತಮ್ಮನ್ನ ಸೋಲಿಸಿದ ಕೃತಿಗೆ, ಕೇಳೋರು ಮತ ಹಾಕ್ತಿರೋದು ತಮ್ಮನ್ನ ಬೆರಗಾಗಿಸಿದ್ದಕ್ಕೆ. ಎರಡನ್ನೂ ಬೇರೆ ಬೇರೆ ಎಣಿಸಿ ಅಂತ ಕೆಲವರು ಖಾಸಗಿಯಾಗಿ ಕೇಳಿದ್ರು. ಎಣಿಸಲ್ಲ. ಕೇಳೋರಿಲ್ಲದೆ ಇವನ್ನ ಯಾರಿಗೋಸ್ಕರ ಬರೆದರು?

ಒಡೆಯರ್_ಕಾಲದ_ರೆಕಾರ್ಡು
ಹಾಮರ್‌ಕ್ಲಾವಿಯರ್. ಮೆಟ್ನರ್ ಬೀಥೋವನ್‌ನನ್ನ ಪೂಜೆ ಮಾಡ್ತಿದ್ದ, ಅಷ್ಟಾದರೂ ಸಲ್ಲಲಿ.

ಟ್ಯೂನಿಂಗ್_ಮಾಮ
ಸ್ಕಾರ್ಬೋ. ಎರಾರ್ ಸಾಹೇಬರ ಗೌರವಾರ್ಥ.

ಸುಮ್ನೆ_ಕೇಳೋನು
ಹಾಮರ್‌ಕ್ಲಾವಿಯರ್‌ನ ಮೂರನೇ ಭಾಗ ಕೇಳ್ದೆ, ಧಾರವಾಡದ ಸಾರ್ ಹೇಳಿದ್ರಲ್ಲ ಅಂತ. ಮಧ್ಯದಲ್ಲಿ ಫೋನ್ ನೋಡ್ಲಿಲ್ಲ. ಆದ್ರೂ ಮತ ಸ್ಕಾರ್ಬೋಗೇ. ಸಾರಿ ಸಾರ್.

ಕಪ್ಪುಬಿಳುಪು (ನಿರ್ವಾಹಕಿ)
ಸ್ಕಾರ್ಬೋ ಗೆದ್ದಿತು, ಅಂತರ ತೀರಾ ಚಿಕ್ಕದು. ರವೆಲ್ ಅಂದುಕೊಂಡದ್ದು ಸಾಧಿಸಿದ. ಮುಂದಿನ ಪಂದ್ಯ ಕಾನ್ಸರ್ಟೊಗಳದ್ದು, ಈಗ ರಾಕ್ 3 ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಮೆಟ್ನರ್‌ನ ಮೂರನೇದಕ್ಕೆ ಮೊದಲ ಸುತ್ತಲ್ಲಿ ಸುಲಭದ ಎದುರಾಳಿ ಸಿಗಲಿ ಅಂತ ಮೈಸೂರಿನವರು ಈಗಲೇ ಹರಕೆ ಹೊತ್ತುಕೊಳ್ಳಬಹುದು. ಚೀಟಿ ನಾನೇ ಎತ್ತೋದು.

ಗ್ರೇಡ್8_ಸಂಕಟ
ಆಂಟಿ, ಇಷ್ಟೆಲ್ಲಾ ಓದಿ ಓಪಸ್ 10ರ ಎರಡನೇದನ್ನ ಶುರು ಮಾಡೋಣ ಅಂತಿದ್ದೀನಿ. ಅದು ಅಪ್‌ರೈಟ್‌ನಲ್ಲೂ ಆಗುತ್ತಲ್ವಾ? ಬೆರಳು ಹೇಗೆ ಹಾಕಲಿ?

ಕಪ್ಪುಬಿಳುಪು (ನಿರ್ವಾಹಕಿ)
ಆಗುತ್ತೆ. ಬೆರಳಿನ ಸಂಖ್ಯೆಯನ್ನ ಶೋಪಾನ್ ತಾನೇ ಸ್ವರ ಸ್ವರಕ್ಕೂ ಬರೆದಿಟ್ಟಿದ್ದಾನೆ, ಅದನ್ನ ಬದಲಾಯಿಸೋಕೆ ಹೋಗಬೇಡ. ಮೊದಲು ಕೆಳಗಿನ ಕಾರ್ಡ್ ಬಿಟ್ಟು ಮೇಲಿನ ಮೂರು ಬೆರಳು ಮಾತ್ರ. ಮುಂಗೈ ಬಿಗಿಯಾಯ್ತು ಅನ್ನಿಸಿದ ತಕ್ಷಣ ನಿಲ್ಲಿಸು, ‘ಇನ್ನೊಂದು ಸಲ’ ಬೇಡ.

ಗ್ರೇಡ್8_ಸಂಕಟ
ಮೆಟ್ರೋನೋಮ್ ಎಷ್ಟಕ್ಕೆ ಇಡಲಿ? ಪುಸ್ತಕದಲ್ಲಿ 144 ಅಂತಿದೆ.

ಕಪ್ಪುಬಿಳುಪು (ನಿರ್ವಾಹಕಿ)
60. ದೀಪಾವಳಿ ತನಕ 60.